ಮುದ್ದಣನ ಕೃತಿಮುದ್ರಣವೂ ನಾಮಗೋಪನವೂ

ಕವಿಯು ತಾನು ರಚಿಸಿದ ಕೃತಿಯನ್ನು ಮೊಟ್ಟಮೊದಲು ಅಚ್ಚಿನಲ್ಲಿ ಕಾಣುವುದೆಂಬುದು ಕನ್ನಡ ಸಾಹಿತ್ಯದಲ್ಲಿ ಈಚಿನ ಅನುಭವವಾಗಿದೆ. ಓಲೆಗರಿಯ ಕಾಲದ ಕವಿಗಳಿಗೆ ಅದು ಒದಗುವಂತಿರಲಿಲ್ಲ. ಜಗಳೂರಿನವನೆಂದು ಪ್ರತೀತಿಯುಳ್ಳ ಮಹಲಿಂಗರಂಗನು 17ನೆಯ ಶತಮಾನದಲ್ಲಿ 'ಅನುಭವಾಮೃತ'ವನ್ನು ಭಾಮಿನೀ ಷಟ್ಪದಿಯಲ್ಲಿ ರಚಿಸಿ, ಸಂಸ್ಕೃತದಲ್ಲಿದ್ದ ವೇದಾಂತವನ್ನು ಕನ್ನಡಿಗರ ಕೈಗೆಟುಕುವಂತೆ ಮಾಡಿದನು. ಆದರೆ ಅವನ ಗ್ರಂಥವು ಅಚ್ಚಿನ ಮೊಗವನ್ನು ಕಂಡುದು ಅವನ ಕಾಲವು ಕಳೆದ ಎಷ್ಟೋ ವರ್ಷಗಳ ಮೇಲೆ. ಅಂಥ ಕವಿಗಳ ಕೃತಿಗಳು ಬಾಯಿಂದ ಬಾಯಿಗೂ ಗರಿಯಿಂದ ಗರಿಗೂ ಸಾಗಿಬಂದುವು. ಪ್ರತಿಮಾಡುವವನು ಯಾರೋ, ಇಟ್ಟುಕೊಂಡವನು ಯಾರೋ. ಮೊದಲ ಗರಿಯು ಹುಳು ತಿಂದು ಹೋಗಬಹುದು, ಕಡೆಯ ಗರಿಯು ಮುರಿದು ಬೀಳಬಹುದು. ಆದುದರಿಂದ ಕವಿಯ ಹೆಸರು ಉಳಿಯಬೇಕಾದರೆ ಅದನ್ನು ಗ್ರಂಥದ ಒಡಲಿನಲ್ಲಿಯೇ ನೆಯ್ದಿರಬೇಕಾಗಿತ್ತು. ಅಂಕಿತ, ಪೀಠಿಕಾಸಂಧಿ, ಆಶ್ವಾಸಾಂತ್ಯದ ಗದ್ಯ ಇವೆಲ್ಲವೂ ಈ ಅವಶ್ಯಕತೆಯಿಂದ ಪುಷ್ಟಿಗೊಂಡ ಸಂಪ್ರದಾಯಗಳು.

ಮುದ್ರಣವು ಬಂದಮೇಲೆ ಈ ಸ್ಥಿತಿಯು ಬೇರೆಯಾಯಿತು. 1817ರಲ್ಲಿ ಬಂಗಾಳದ ಶ್ರೀರಾಮಪುರದಲ್ಲಿ ವಿಲಿಯಂ ಕೇರಿಯ ಕನ್ನಡ ವ್ಯಾಕರಣವು ಅಚ್ಚಾಯಿತು. 1841ರಲ್ಲಿ ಮಂಗಳೂರಿನಲ್ಲಿ ಬಾಸೆಲ್ ಮಿಶನ್ನಿನ ಮುದ್ರಣಾಲಯವು ನೆಲೆಗೊಂಡಿತು. 1843ರಲ್ಲಿ ಅದೇ ಊರಿನಿಂದ 'ಮಂಗಳೂರ ಸಮಾಚಾರ'ವು ಹೊರಟಿತು. ಅಂದಿನಿಂದ ಗ್ರಂಥಕರ್ತನ ಹೆಸರು ಕಾವ್ಯದ ಒಳಗಿನಿಂದ ಹೊರಬಂದು ಮುಖಪತ್ರದಲ್ಲಿ ನಿಂತಿತು. ಒಳಗಿನದನ್ನು ಓದದವನೂ ಅದನ್ನು ನೋಡಿ ಇದು ಇಂಥವನದೆಂದು ತಿಳಿಯುವಂತಾಯಿತು. ಬರೆಹಗಾರನಿಗೆ ಮೊದಲ ಮುದ್ರಣವು ಎರಡನೆಯ ಜನ್ಮವೆಂಬಂತೆ ಹರ್ಷವನ್ನುಂಟುಮಾಡುವುದಕ್ಕೆ ಇದೇ ಮುಖ್ಯವಾದ ಕಾರಣವು. ಹೀಗಿರಲು, ಆ ಹರ್ಷವು ಕೈಗೆ ಬಂದ ಸಮಯದಲ್ಲಿಯೇ ತನ್ನ ಹೆಸರನ್ನು ಅಳಿಸಿಕೊಂಡ ಕವಿಯೊಬ್ಬನು ಕನ್ನಡದಲ್ಲಿದ್ದನೆಂಬುದು ವಿಚಾರಾರ್ಹವಾದ ಸಂಗತಿಯಾಗಿದೆ. ಅವನೇ ಮುದ್ದಣನು.

ಮುದ್ದಣನೆಂದು ಪ್ರಸಿದ್ಧನಾದ ನಂದಳಿಕೆಯ ಲಕ್ಷ್ಮೀನಾರಣಪ್ಪನು 1870ರಲ್ಲಿ ಹುಟ್ಟಿ, ಉಡುಪಿಯಲ್ಲಿ ವ್ಯಾಯಾಮದ ಉಪಾಧ್ಯಾಯನಾಗಿದ್ದು, 1901ರ ಫೆಬ್ರವರಿಯಲ್ಲಿ ಕ್ಷಯರೋಗದಿಂದ ತೀರಿಕೊಂಡನು. ಬಾಳಿದುದು 31 ವರ್ಷ. 'ರತ್ನಾವತೀಕಲ್ಯಾಣ', 'ಕುಮಾರವಿಜಯ' ಎಂಬ ಯಕ್ಷಗಾನ ಪ್ರಬಂಧಗಳನ್ನು ಅವನು ರಚಿಸಿದ್ದನು. ಅವನ ಪ್ರೌಢಕೃತಿಗಳಲ್ಲಿ ಮೊದಲು ಬೆಳಕಿಗೆ ಬಂದುದು 'ಅದ್ಭುತರಾಮಾಯಣ'ವೆಂಬ ಗದ್ಯಗ್ರಂಥ. ಇದು 1895ರಲ್ಲಿ ಮೈಸೂರಿನ 'ಕಾವ್ಯಮಂಜರಿ'ಯಲ್ಲಿ ಪ್ರಕಟವಾಯಿತು. ಮರುವರ್ಷ ವಾರ್ಧಕ ಷಟ್ಪದಿಯ 'ಶ್ರೀರಾಮಪಟ್ಟಾಭಿಷೇಕ'ವು ಅಚ್ಚಾಯಿತು. ಅವನ ಕೀರ್ತಿಗೆ ಮೂಲವಾದ 'ಶ್ರೀರಾಮಾಶ್ವಮೇಧ'ವು 1899ರಿಂದ 1901ರವರೆಗೆ 'ಕಾವ್ಯಕಲಾನಿಧಿ'ಯಲ್ಲಿ ಹೊರಬಿದ್ದಿತು. ತನ್ನ ರಚನೆಗಳನ್ನು ತನಗೆ ದೊರೆತ ಹಳೆಯ ಗ್ರಂಥಗಳ ಪ್ರತಿಗಳೆಂಬಂತೆ ಅವನು ಕಳುಹಿಸಿಕೊಟ್ಟನು. 'ಶ್ರೀರಾಮಾಶ್ವಮೇಧ'ವನ್ನು ಓದಿದವರು ಇದು ಮುದ್ದಣನೆಂಬ ಹಿಂದಿನ ಕಾಲದ ಕವಿಯೊಬ್ಬನ ಕಾವ್ಯವೆಂದೇ ತಿಳಿದರು. ನಿಜವಾದ ಕರ್ತೃವು ಲೋಕಕ್ಕೆ ಚೆನ್ನಾಗಿ ವಿದಿತನಾದುದು ಅವನ ಮರಣದ ಮೇಲೆ.

ಈ ನಾಮಗೋಪನಕ್ಕೆ ವಿನಯವೇ ಕಾರಣವೆಂದು ಕೆಲವರು ಹೇಳಬಹುದು. ಇದು ಸಮರ್ಪಕವಾಗಿ ತೋರುವುದಿಲ್ಲ. ವಿನಯಶೀಲನಾದ ಕವಿಯು ಹೆಸರನ್ನು ಹಾಕದೆ ಬಿಡುವನೇ ಹೊರತು ಕೃತಿಗೆ ಇಲ್ಲದ ಪ್ರಾಚೀನತೆಯನ್ನು ಹೊದಿಸುವುದಿಲ್ಲ. ಇದು ಶುದ್ಧ ವಂಚನೆಯೆಂಬುದು ಇನ್ನೊಂದು ಪಕ್ಷ. ಆಲಂಕಾರಿಕರು ಕಾವ್ಯಚೌರ್ಯವನ್ನು ವಿಸ್ತಾರವಾಗಿ ವಿಚಾರಿಸಿರುವರು. ರಾಜಶೇಖರನು 'ಕಾವ್ಯಮೀಮಾಂಸೆ'ಯಲ್ಲಿ ಶಬ್ದಹರಣ ಅರ್ಥಹರಣಗಳ ಪ್ರಭೇದಗಳನ್ನು ಎಣಿಸಿರುವನು. ಆದರೆ ಅಲ್ಲೆಲ್ಲಾ ಪರರದನ್ನು ತನ್ನದೆಂದು ಹೇಳುವುದೇ ದೋಷ. ತನ್ನದನ್ನು ಪರರದೆಂದು ಹೇಳಿದವನು ಆ ಚೌರ್ಯದ ಲೆಕ್ಕಕ್ಕೆ ಬರುವುದಿಲ್ಲ.

ನಿಜವಾದ ಕಾರಣವನ್ನು ಆ ಪತ್ರಿಕೆಗಳ ಸ್ವರೂಪದಲ್ಲಿ ಹುಡುಕಬೇಕು. ಎಸ್. ಜಿ. ನರಸಿಂಹಾಚಾರ್ಯರೂ ಎಂ. ಎ. ರಾಮಾನುಜಯ್ಯಂಗಾರ್ಯರೂ ನಡೆಯಿಸಿದ 'ಕಾವ್ಯಮಂಜರಿ'ಯ ಉದ್ದೇಶವು ಹಳೆಯ ಕಾವ್ಯಗಳನ್ನು ನಾಶದಿಂದ ಉಳಿಸಿ ಅಚ್ಚಿಗೆ ತರುವುದಾಗಿತ್ತು. ಅದು ಶ್ಲಾಘ್ಯವಾದ ಕಾರ್ಯ. ಅದಿಲ್ಲದಿದ್ದರೆ ಕನ್ನಡದ ಎಷ್ಟೋ ಗ್ರಂಥಗಳು ಗರಿಗಳಲ್ಲಿಯೇ ಸವೆದುಹೋಗುತ್ತಿದ್ದುವು. ಆದರೆ ಆ ಬಾಗಿಲು ಹಳಬರಿಗಾಗಿ ತೆರೆದಿದ್ದ ಬಾಗಿಲು. ಮೈಸೂರು ಸಂಸ್ಥಾನಕ್ಕೆ ಹೊರಗಾಗಿ ಮದ್ರಾಸು ಆಧಿಪತ್ಯಕ್ಕೆ ಸೇರಿದ್ದ ಉಡುಪಿಯಲ್ಲಿ, ಬಡತನದಲ್ಲಿದ್ದ ತರುಣ ಉಪಾಧ್ಯಾಯನೊಬ್ಬನು ಹಳಗನ್ನಡ ಗದ್ಯವನ್ನು ಹೊಸದಾಗಿ ಬರೆದೆನೆಂದರೆ ಅದಕ್ಕೆ ಅಲ್ಲಿ ಸ್ಥಳವೆಲ್ಲಿ? ಹಳೆಯದೆಂಬ ಮಾತ್ರಕ್ಕೆ ಎಲ್ಲವೂ ಒಳ್ಳೆಯದಲ್ಲ, ಹೊಸದೆಂಬ ಮಾತ್ರಕ್ಕೆ ಕಾವ್ಯವು ನಿಂದ್ಯವಲ್ಲವೆಂದು ಕಾಳಿದಾಸನು 'ಮಾಳವಿಕಾಗ್ನಿಮಿತ್ರ'ದ ಪ್ರಸ್ತಾವನೆಯಲ್ಲಿ ಸೂತ್ರಧಾರನಿಂದ ಹೇಳಿಸಿರುವನು. ಕಾಳಿದಾಸನು ವಾದಮಾಡಿ ಎದುರಿಸಿದ ದುರಾಗ್ರಹವನ್ನು ಮುದ್ದಣನು ವೇಷಮರೆಸಿ ದಾಟಿದನು.

ಪಾಶ್ಚಾತ್ಯ ಸಾಹಿತ್ಯದಲ್ಲಿಯೂ ಇದಕ್ಕೆ ಸದೃಶವಾದ ಸಂಗತಿಯುಂಟು. ಇಂಗ್ಲೆಂಡಿನ ಬ್ರಿಸ್ಟಲಿನಲ್ಲಿ 1752ರಲ್ಲಿ ಹುಟ್ಟಿದ ಥಾಮಸ್ ಚಾಟರ್ಟನ್ನನು ತನ್ನ ಪದ್ಯಗಳನ್ನು 15ನೆಯ ಶತಮಾನದ ರೌಲಿಯೆಂಬ ಸನ್ಯಾಸಿಯವೆಂದು ಕಲ್ಪಿಸಿದನು. 1770ರಲ್ಲಿ, ಇನ್ನೂ 18 ತುಂಬದಿರುವಾಗಲೇ ಮೃತನಾದನು. ಇಬ್ಬರ ವೇಷವೂ ಒಂದೇ ಬಗೆಯದು. ಆದರೆ ಒಂದು ಭೇದವನ್ನು ಗಮನಿಸಬೇಕು. ರೌಲಿಯೆಂಬುದು ಚಾಟರ್ಟನ್ನನಿಗೆ ಸಂಬಂಧವಿಲ್ಲದ ಕಲ್ಪಿತನಾಮ. ಮುದ್ದಣನೆಂಬುದಾದರೋ ಲಕ್ಷ್ಮೀನಾರಣಪ್ಪನ ಮನೆಯವರೇ ಅವನಿಗೆ ಇಟ್ಟಿದ್ದ ಮುದ್ದಿನ ಹೆಸರು. ಲೋಕಕ್ಕೆ ಪರಕೀಯನಂತೆ ಕಾಣುವವನು ಮನೆಯವರಿಗೆ ಅವನೇ. ಮುಖಪತ್ರದಿಂದ ತನ್ನ ಹೆಸರನ್ನು ತೆಗೆದ ಕವಿಯು ಕಾವ್ಯದ ಒಡಲಿನಲ್ಲಿ ಅದನ್ನು ಇಟ್ಟೇ ಇದ್ದನು. ಓಲೆಗರಿಯ ಕಾಲದ ಅಂಕಿತಸಂಪ್ರದಾಯವು ಅಚ್ಚಿನ ಕಾಲದಲ್ಲಿ ಹೀಗೆ ಹೊಸ ಪ್ರಯೋಜನವನ್ನು ಪಡೆಯಿತು.

ಇಷ್ಟೇ ಅಲ್ಲದೆ, 'ಶ್ರೀರಾಮಾಶ್ವಮೇಧ'ದ ರಚನೆಯೇ ಅದರ ಕಾಲವನ್ನು ಸೂಚಿಸುತ್ತದೆ. ಇದರ ಮೂಲಕಥೆಯು ಪದ್ಮಪುರಾಣದ ಪಾತಾಲಖಂಡದ್ದು. ಅಲ್ಲಿ ಶೇಷನು ವಾತ್ಸ್ಯಾಯನನಿಗೆ ಕಥೆಯನ್ನು ಹೇಳುವನು. ಕನ್ನಡದಲ್ಲಿ ಶೇಷನ ಸ್ಥಾನಕ್ಕೆ ಮುದ್ದಣನೂ ವಾತ್ಸ್ಯಾಯನನ ಸ್ಥಾನಕ್ಕೆ ಅವನ ಮಡದಿಯಾದ ಮನೋರಮೆಯೂ ಬಂದಿರುವರು. ಮಳೆಗಾಲದಲ್ಲಿ ಅರಮನೆಯಿಂದ ಮನೆಗೆ ಬಂದ ಗಂಡನನ್ನು ಉಪಚರಿಸಿ, ಬೇಸರ ಕಳೆಯಲು ಒಂದು ಕಥೆಯನ್ನು ಹೇಳೆಂದು ಆಕೆ ಕೇಳುವಳು. ಪದ್ಯವನ್ನು ಒಲ್ಲೆನೆಂದು ಗದ್ಯವನ್ನು ಆರಿಸುವಳು. ಸಂಸ್ಕೃತವನ್ನು ಕನ್ನಡದೊಡನೆ ಬೆರಸುವ ವಿಷಯದಲ್ಲಿ ಗಂಡಹೆಂಡಿರಿಗೆ ಸರಸವಾದ ಚರ್ಚೆಯು ನಡೆಯುವುದು. ನಡುನಡುವೆ ಆಕೆ ಪ್ರಶ್ನಿಸುವಳು, ಹಾಸ್ಯಮಾಡುವಳು, ಮುನಿಯುವಳು. 'ವಡ್ಡಾರಾಧನೆ'ಯಲ್ಲಾಗಲಿ 978ರ 'ಚಾವುಂಡರಾಯಪುರಾಣ'ದಲ್ಲಾಗಲಿ ಇಂಥ ಗೃಹಸಂವಾದವನ್ನು ಕಾಣಲಾಗದು. ಕಥೆಯನ್ನು ಕೇಳುವವರು ಪುರಾಣಗಳಲ್ಲಿ ಶಿಷ್ಯರು ಅಥವಾ ರಾಜರು. ಅವರು ಸಂದೇಹವನ್ನು ಕೇಳುವರೇ ಹೊರತು ಹೇಳುವವನ ಶೈಲಿಯನ್ನು ಪರೀಕ್ಷಿಸುವುದಿಲ್ಲ. ಮನೋರಮೆಯು ಪರೀಕ್ಷಿಸುವಳು. ಹಳಗನ್ನಡದ ಉಡುಗೆಯ ಒಳಗೆ 19ನೆಯ ಶತಮಾನದ ಓದುಗಳೊಬ್ಬಳು ಕುಳಿತಿರುವಳೆಂದರೆ ಸಲ್ಲುವುದು. ಭಾಷೆಯ ಹಳಮೆಯೊಂದನ್ನೇ ನೋಡಿ ಕಾಲನಿರ್ಣಯ ಮಾಡುವುದು ಎಷ್ಟು ಅಪಾಯಕರವೆಂಬುದಕ್ಕೆ ಸಂಶೋಧಕರು ಈ ಗ್ರಂಥವನ್ನು ನಿದರ್ಶನವಾಗಿಟ್ಟುಕೊಳ್ಳಬೇಕು.

ಮಮ್ಮಟನು 'ಕಾವ್ಯಪ್ರಕಾಶ'ದಲ್ಲಿ ಕಾವ್ಯದ ಪ್ರಯೋಜನಗಳನ್ನು ಹೇಳುವಾಗ ಯಶಸ್ಸನ್ನು ಮೊದಲಿಗೆ ಇಟ್ಟಿರುವನು. ಸದ್ಯಃಪರನಿರ್ವೃತಿಯನ್ನೂ ಕಾಂತಾಸಮ್ಮಿತವಾದ ಉಪದೇಶವನ್ನೂ ಕಡೆಯಲ್ಲಿ ಇಟ್ಟಿರುವನು. ಮೊದಲ ಮುದ್ರಣದ ಹರ್ಷದಲ್ಲಿ ಯಶಸ್ಸೂ ನಿರ್ವೃತಿಯೂ ಸಾಮಾನ್ಯವಾಗಿ ಬೆರೆತೇ ಇರುವುವು. ತನ್ನ ಮಾತು ಚೆನ್ನಾಗಿದೆಯೆಂಬ ಸಂತೋಷ ಯಾವುದು, ತನ್ನ ಹೆಸರು ಕಾಣುತ್ತಿದೆಯೆಂಬ ಸಂತೋಷ ಯಾವುದೆಂದು ಬೇರ್ಪಡಿಸುವುದು ಬರೆದವನಿಗೂ ಶಕ್ಯವಲ್ಲ. ಮುದ್ದಣನ ವಿಷಯದಲ್ಲಿ ಅವೆರಡೂ ಬೇರೆಯಾಗಿ ನಿಂತುವು. ಯಶಸ್ಸು ಇಲ್ಲದ ಹಳೆಯ ಕವಿಗೆ ಹೋಯಿತು. ಓದುಗರು ಮೆಚ್ಚಿದ ಮಾತುಗಳು ಮಾತ್ರ ಇದ್ದ ಕವಿಯವು. ಕಾಂತಾಸಮ್ಮಿತವೆಂಬ ಮಾತಂತೂ ಇಲ್ಲಿ ಮೈತಳೆದು ಬಂದಿದೆ. ಶಾಸ್ತ್ರದಲ್ಲಿ ಕಾವ್ಯವು ಓದುಗನಿಗೆ ಕಾಂತೆಯಂತೆ ಹಿತವನ್ನು ಹೇಳುವುದು; ಮುದ್ದಣನಲ್ಲಿ ಕಾಂತೆಯೇ ಕವಿಗೆ ಕಾವ್ಯದ ಹಿತವನ್ನು ಹೇಳುವಳು. ಹೊರಗಿನ ಪಂಡಿತರು ಮುದ್ದಣನೆಂಬವನನ್ನು ಎಂದೋ ಅಳಿದವನೆಂದು ತಿಳಿದಿರುವಾಗ, ಅವನನ್ನು ಎದುರಿಗೆ ಕುಳಿತ ಜೀವಂತ ಕವಿಯೆಂದು ಕಂಡು, ಮೆಚ್ಚಿ, ತಪ್ಪುಹಿಡಿದು, ಬಹುಮಾನದ ಮಾತನ್ನಾಡಿದವಳು ಮನೋರಮೆಯೊಬ್ಬಳೇ. ಲೋಕದಲ್ಲಿ ಪಡೆಯಲಾರದೆ ಹೋದ ವಿಮರ್ಶಕನನ್ನು ಕವಿಯು ತನ್ನ ಗ್ರಂಥದಲ್ಲಿಯೇ ಸೃಷ್ಟಿಸಿಕೊಂಡನು. ಆ ಸಂವಾದದ ನಗೆಯ ಹಿಂದೆ ಕೇಳಿಬರುವ ಮರುಕವು ಇದರಿಂದ ಹುಟ್ಟಿದುದು.

ಹಾಗಾದರೆ ದೋಷವೇ ಇಲ್ಲವೆ? ಉಂಟು. ಸಾಹಿತ್ಯಚರಿತ್ರೆಯು ಕಾಲಾನುಕ್ರಮದ ಮೇಲೆ ನಿಂತಿರುವ ಶಾಸ್ತ್ರವಾದುದರಿಂದ, ಕೃತಿಗೆ ಸುಳ್ಳು ಪ್ರಾಚೀನತೆಯನ್ನು ಕಟ್ಟುವುದು ಆ ಶಾಸ್ತ್ರಕ್ಕೆ ಮಾಡಿದ ಅಪಚಾರವೇ ಸರಿ. ಸಂಪಾದಕರ ವಿಶ್ವಾಸವನ್ನು ದುಡಿಸಿಕೊಂಡುದೂ ಪ್ರಶಂಸನೀಯವಲ್ಲ. ಚರಿತ್ರಕಾರನು ಇದನ್ನು ಕ್ಷಮಿಸಬೇಕಾಗಿಲ್ಲ. ಆದರೆ ರಸದ ವಿಷಯದಲ್ಲಿ ಮುದ್ದಣನು ಯಾರನ್ನೂ ವಂಚಿಸಲಿಲ್ಲ. ಕೃತಿಯು ಹಳೆಯದೆಂದು ನಂಬಿದಾಗ ಮನೋರಮೆಯ ಮಾತಿನಲ್ಲಿದ್ದ ಸವಿಯು, ಹೊಸದೆಂದು ತಿಳಿದಮೇಲೆ ಕಡಮೆಯಾಗಲಿಲ್ಲ. ವೇಷವು ಕಳಚಿದ ಮೇಲೆಯೂ ಕಾವ್ಯವು ನಿಂತಿತು. ಅದು ಹಳಮೆಯ ಆಸರೆಯಿಂದ ನಿಂತುದಲ್ಲವೆಂಬುದು ಆಗ ಸಿದ್ಧವಾಯಿತು.

ತನಗೆ ಸಮಾನಧರ್ಮನಾದವನು ಮುಂದೆಂದಾದರೂ ಹುಟ್ಟುವನೆಂದು ಭವಭೂತಿಯು ನಂಬಿದನು. ಮುದ್ದಣನಿಗೆ ಕಾಲವು ಅಷ್ಟು ದೀರ್ಘವಾಗಿರಲಿಲ್ಲ. 'ಶ್ರೀರಾಮಾಶ್ವಮೇಧ'ವು ಕಂತುಕಂತಾಗಿ ಹೊರಬಂದ ವರ್ಷಗಳೇ ಅವನ ಆಯುಸ್ಸಿನ ಕಡೆಯ ವರ್ಷಗಳು. ಇಂದು ಆ ಗ್ರಂಥದ ಮುಖಪತ್ರದಲ್ಲಿ ಅವನ ಹೆಸರು ನಿಸ್ಸಂದೇಹವಾಗಿ ಅಚ್ಚಾಗುತ್ತದೆ. ತರಗತಿಯಲ್ಲಿ ಅದನ್ನು ಪಾಠಹೇಳುವವರು, ಆ ಅಕ್ಷರಗಳನ್ನು ಕವಿಯು ತಾನು ಆ ಸ್ಥಳದಲ್ಲಿ ಕಾಣಲಿಲ್ಲವೆಂಬುದನ್ನೂ ವಿದ್ಯಾರ್ಥಿಗಳಿಗೆ ತಿಳಿಸುವುದು ಉಚಿತ. ಹೊಸ ಬರೆಹವೊಂದು ಕೈಗೆ ಬಂದಾಗ ಅದರ ವಯಸ್ಸನ್ನು ಕೇಳುವುದಕ್ಕೆ ಮೊದಲು ಅದರ ಗುಣವನ್ನು ನೋಡಬೇಕೆಂಬ ಪಾಠವು ಅದರಲ್ಲಿಯೇ ಅಡಗಿದೆ.