ನಾಯಿಯ ಬಾಬ್ತು

ಈ ಸಿನಿಮಾವನ್ನು ಎರಡನೇ ಸಲ ನೋಡುವಾಗ ಪಕ್ಕದಲ್ಲಿ ಒಂದು ಹಾಳೆ ಇಟ್ಟುಕೊಂಡು ಕೂತಿದ್ದೆ. ಕಥಾನಾಯಕಿ ವೆಂಡಿ ಪುಟ್ಟ ನೋಟ್‌ಬುಕ್ಕಿನಲ್ಲಿ ದಿನದ ಖರ್ಚು ಬರೆದಿಡುತ್ತಾಳೆ. ಅವಳ ಜೊತೆ ನಾನೂ ಬರೆದು ನೋಡೋಣ ಅನ್ನಿಸಿತ್ತು. ಎಡಗಡೆ ಜಮಾ: ಐದುನೂರು ಚಿಲ್ಲರೆ ಡಾಲರ್, ಒಂದು ಹಳೇ ಹೋಂಡಾ ಕಾರು, ಒಂದು ನಾಯಿ. ಬಲಗಡೆ ಖರ್ಚು. ಎಂಬತ್ತು ನಿಮಿಷಗಳಲ್ಲಿ ಸಿನಿಮಾ ಮುಗಿಯಿತು. ಅಷ್ಟರಲ್ಲಿ ಎಡಗಡೆಯದೆಲ್ಲ ಒಂದೊಂದಾಗಿ ಬಲಗಡೆಗೆ ದಾಟಿತ್ತು. ಕಟ್ಟಕಡೆಗೆ ದಾಟಿದ್ದು ನಾಯಿ.

ಅಮೆರಿಕದ ನಿರ್ದೇಶಕಿ ಕೆಲ್ಲಿ ರೈಕಾರ್ಟ್ ಅವರ ‘ವೆಂಡಿ ಅಂಡ್ ಲೂಸಿ’ 2008ರಲ್ಲಿ ಕಾನ್ ಚಿತ್ರೋತ್ಸವದಲ್ಲಿ ಮೊದಲು ತೆರೆ ಕಂಡಿತು. ಜಾನ್ ರೇಮಂಡ್ ಅವರ ಸಣ್ಣಕಥೆಯೊಂದನ್ನು ಆಧರಿಸಿ ಇಬ್ಬರೂ ಸೇರಿ ಚಿತ್ರಕಥೆ ಬರೆದಿದ್ದಾರೆ. 2005ರ ಕತ್ರೀನಾ ಚಂಡಮಾರುತದಲ್ಲಿ ಮನೆಮಠ ಕಳೆದುಕೊಂಡವರ ಬಗ್ಗೆ, ‘ದುಡಿದು ತಮ್ಮ ಪಾಡು ತಾವು ನೋಡಿಕೊಳ್ಳಬಾರದಿತ್ತೇ’ ಎಂಬ ಮಾತು ಅಲ್ಲಿ ಎದ್ದಿತ್ತು. ಕೈಯಲ್ಲಿ ಏನೂ ಇಲ್ಲದವಳು ಹಾಗೆ ತನ್ನ ಪಾಡು ತಾನು ನೋಡಿಕೊಳ್ಳಲು ಹೊರಟರೆ ಏನಾಗುತ್ತದೆ ಎಂಬ ಪ್ರಶ್ನೆಯಿಂದ ಈ ಕಥೆ ಹುಟ್ಟಿದೆ. ಚಿತ್ರ ಅಲ್ಲಿನ ಥಿಯೇಟರುಗಳಿಗೆ ಬರುವ ಹೊತ್ತಿಗೆ ಬ್ಯಾಂಕುಗಳು ಕುಸಿಯುತ್ತಿದ್ದವು.

ಕಥೆ ಬೆರಳೆಣಿಕೆಯ ದಿನಗಳದ್ದು. ಇಂಡಿಯಾನಾದಿಂದ ಹೊರಟ ವೆಂಡಿಗೆ (ಮಿಶೆಲ್ ವಿಲಿಯಮ್ಸ್) ಅಲಾಸ್ಕಾದ ಕೆಚಿಕನ್ ತಲುಪಬೇಕಿದೆ. ಅಲ್ಲಿ ಮೀನು ಡಬ್ಬಿಗೆ ತುಂಬುವ ಕಾರ್ಖಾನೆಯಲ್ಲಿ ಕೆಲಸ ಸಿಗುತ್ತದಂತೆ. ಜೊತೆಗಿರುವುದು ಲೂಸಿ ಎಂಬ ಹಳದಿ-ಕಂದು ನಾಯಿ. ಆರೆಗನ್ ರಾಜ್ಯದ ಒಂದು ಊರಿನಲ್ಲಿ, ಔಷಧಿ ಅಂಗಡಿಯ ಪಾರ್ಕಿಂಗಿನಲ್ಲಿ ರಾತ್ರಿ ಮಲಗೆದ್ದರೆ ಬೆಳಿಗ್ಗೆ ಕಾರು ಸ್ಟಾರ್ಟ್ ಆಗುವುದಿಲ್ಲ. ಗ್ಯಾರೇಜು ಇನ್ನೂ ತೆರೆದಿಲ್ಲ. ನಾಯಿಯ ಊಟ ತಳ ಕಂಡಿದೆ. ಲೂಸಿಯನ್ನು ದಿನಸಿ ಅಂಗಡಿಯ ಹೊರಗೆ ಕಟ್ಟಿ ಒಳಗೆ ಹೋದ ವೆಂಡಿ, ನಾಯಿ ತಿನಿಸಿನ ಡಬ್ಬಿಗಳನ್ನು ಚೀಲಕ್ಕಿಳಿಸಿ ಸಿಕ್ಕಿಬೀಳುತ್ತಾಳೆ. ಠಾಣೆ, ಬೆರಳಚ್ಚು, 50 ಡಾಲರ್ ದಂಡ. ಬಸ್ಸು ಹಿಡಿದು ವಾಪಸು ಬಂದರೆ ಕಟ್ಟಿದ ಜಾಗದಲ್ಲಿ ನಾಯಿಯಿಲ್ಲ. ಮಿಕ್ಕದ್ದೆಲ್ಲ ಹುಡುಕಾಟ.

ಇಷ್ಟರಲ್ಲಿ ಖಳನೆಂಬವನು ಯಾರೂ ಇಲ್ಲ. ಕೈಯಲ್ಲಿ ಕಾಸಿರುವವರಿಗೆ ಕಾರು ಕೆಟ್ಟರೆ ಒಂದು ಮಧ್ಯಾಹ್ನ ಹಾಳು, ಅಷ್ಟೇ. ವೆಂಡಿಯ ಪಾಲಿಗೆ ಆ ಮಧ್ಯಾಹ್ನವೇ ಊಟ ತಪ್ಪಿಸುತ್ತದೆ, ತಪ್ಪಿದ ಊಟ ಕಳ್ಳತನಕ್ಕೆ ದೂಡುತ್ತದೆ, ಕಳ್ಳತನ ಠಾಣೆಗೆ ಒಯ್ಯುತ್ತದೆ, ಠಾಣೆಯಲ್ಲಿ ಕಳೆದ ಗಂಟೆಗಳು ನಾಯಿಯನ್ನು ಕಸಿಯುತ್ತವೆ. ಬೆರಳಚ್ಚಿನ ದೃಶ್ಯ ನೋಡಿ: ಹೊಸ ಯಂತ್ರ ಪೊಲೀಸಿನವನ ಮಾತು ಕೇಳುವುದಿಲ್ಲ, ಮತ್ತೆ ಒತ್ತಿಸುತ್ತಾನೆ. ಬೇರೆ ಸಿನಿಮಾದಲ್ಲಿ ಇದು ನಗೆಯ ಪ್ರಸಂಗವಾಗುತ್ತಿತ್ತು. ಇಲ್ಲಿ ನಮ್ಮ ಮನಸ್ಸೆಲ್ಲ ಅಂಗಡಿಯ ಮುಂದೆ ಕಟ್ಟಿದ ಆ ನಾಯಿಯ ಹತ್ತಿರ ಇರುತ್ತದೆ. ಯಂತ್ರ ತಪ್ಪಿದಷ್ಟೂ ಸಲ ಹೊಟ್ಟೆ ತೊಳಸುತ್ತದೆ. ಬಡವರ ಸಮಯಕ್ಕೆ ಯಾರೂ ಬೆಲೆ ಕಟ್ಟುವುದಿಲ್ಲ ಎಂಬುದನ್ನು ಒಂದೇ ಒಂದು ಮಾತಿಲ್ಲದೆ ರೈಕಾರ್ಟ್ ಹೀಗೆ ಕಾಣಿಸುತ್ತಾರೆ.

ಈ ಮೌನ ಚಿತ್ರದ ಉದ್ದಕ್ಕೂ ಇದೆ. ಹಿನ್ನೆಲೆ ಸಂಗೀತವೆಂದರೆ ವೆಂಡಿ ಗುನುಗುವ ಒಂದು ಸಣ್ಣ ರಾಗ ಮತ್ತು ಗೂಡ್ಸ್ ರೈಲುಗಳ ಸದ್ದು. ಆರಂಭದಲ್ಲಿ ಆಕೆ ಮತ್ತು ಲೂಸಿ ಮರಗಳ ನಡುವೆ ಕೋಲೆಸೆದು ಆಡುತ್ತಾ ಸಾಗುವಾಗ ಕ್ಯಾಮೆರಾ ಅವರ ಸಮಕ್ಕೆ ಪಕ್ಕದಲ್ಲೇ ಹೆಜ್ಜೆ ಹಾಕುತ್ತದೆ. ಆಮೇಲೆ ಅದೇ ನಡಿಗೆ ಇನ್ನೊಮ್ಮೆ ಬರುತ್ತದೆ. ಬೀಡಾಡಿ ನಾಯಿಗಳನ್ನು ಕೂಡಿಹಾಕುವ ಕೇಂದ್ರದಲ್ಲಿ, ಬೋನಿನಿಂದ ಬೋನಿಗೆ ಕ್ಯಾಮೆರಾ ಸರಿಯುತ್ತಾ ಹೋಗುತ್ತದೆ. ಒಂದೊಂದರಲ್ಲೂ ಒಂದು ನಾಯಿ, ಯಾವುದೂ ಲೂಸಿಯಲ್ಲ. ವೆಂಡಿಯ ಮುಖವನ್ನು ತೋರಿಸಿ ಅಳಿಸುವ ಸುಲಭದ ದಾರಿಯನ್ನು ಬಿಟ್ಟು, ಆಕೆ ನೋಡುವುದನ್ನು ನಮಗೂ ನೋಡಿಸುತ್ತಾರೆ. ಮಿಶೆಲ್ ವಿಲಿಯಮ್ಸ್ ಅಭಿನಯವೂ ಇದೇ ಜಾಡಿನದು. ಅತ್ತರೆ ಹೊತ್ತು ಹೋಗುತ್ತದೆ, ಹೊತ್ತಿಗೂ ಖರ್ಚಿದೆ ಎಂದು ತಿಳಿದವಳ ಬಿಗಿತ ಆ ಮುಖದಲ್ಲಿದೆ. ಊರಿನ ಅಕ್ಕನ ಮನೆಗೆ ಫೋನ್ ಮಾಡಿದಾಗ, ಆಕೆ ಏನೂ ಕೇಳುವ ಮೊದಲೇ ಆ ಕಡೆಯವರಿಗೆ ದುಡ್ಡು ಕೇಳುತ್ತಾಳೇನೋ ಎಂಬ ದಿಗಿಲು. ವೆಂಡಿ ಕೇಳುವುದಿಲ್ಲ. ಆಕೆಯ ಹಿಂದಿನ ಬದುಕಿನ ಬಗ್ಗೆ ನಮಗೆ ಸಿಗುವುದು ಹೆಚ್ಚುಕಡಿಮೆ ಅಷ್ಟೇ, ಅಷ್ಟು ಸಾಕು.

ಲೂಸಿಯ ಪಾತ್ರ ಮಾಡಿರುವುದು ನಿರ್ದೇಶಕಿಯದೇ ನಾಯಿ, ಹೆಸರೂ ಲೂಸಿಯೇ. 2006ರ ‘ಓಲ್ಡ್ ಜಾಯ್’ ಚಿತ್ರದಲ್ಲೂ ಅದು ಇತ್ತು. ಕಾನ್‌ನಲ್ಲಿ ನಾಯಿಗಳ ಅಭಿನಯಕ್ಕೆಂದೇ ತಮಾಷೆಗೆ ಕೊಡುವ ‘ಪಾಮ್ ಡಾಗ್’ ಪ್ರಶಸ್ತಿ ಆ ವರ್ಷ ಇದಕ್ಕೇ ಸಂದಿತು. ಆದರೆ ಲೂಸಿ ಇಲ್ಲಿ ‘ಅಭಿನಯಿಸುವುದಿಲ್ಲ’ ಎಂಬುದೇ ದೊಡ್ಡ ಗುಣ. ಯಾರನ್ನೂ ಕಾಪಾಡುವುದಿಲ್ಲ, ಕಣ್ಣೀರು ಒರೆಸುವುದಿಲ್ಲ. ಮೂಸುತ್ತದೆ, ಬಾಲ ಆಡಿಸುತ್ತದೆ, ಕಾಯುತ್ತದೆ. ಚಿತ್ರದ ಬಹುಭಾಗ ತೆರೆಯ ಮೇಲೆ ಇರುವುದೂ ಇಲ್ಲ.

ಕರುಣೆ ಈ ಊರಿನಲ್ಲಿ ಇಲ್ಲದಿಲ್ಲ, ಅದರ ಅಳತೆ ಸಣ್ಣದು. ಮೆಕ್ಯಾನಿಕ್ ಕಾರು ಎಳೆದು ತರುವ ಬಾಬ್ತಿನಲ್ಲಿ ಒಂದಿಷ್ಟು ಬಿಡುತ್ತಾನೆ, ಆದರೆ ಎಂಜಿನ್ನಿನ ರಿಪೇರಿ ಕಾರಿನ ಬೆಲೆಯನ್ನೇ ಮೀರಿದೆ. ಪಾರ್ಕಿಂಗಿನ ಮುದಿ ಕಾವಲುಗಾರ (ವಾಲಿ ಡಾಲ್ಟನ್) ಮೊದಲು ಆಕೆಯನ್ನು ಅಲ್ಲಿಂದ ಎಬ್ಬಿಸುತ್ತಾನೆ, ಆಮೇಲೆ ಕಾರು ತಳ್ಳಲು ಕೈ ಕೊಡುತ್ತಾನೆ, ತನ್ನ ಫೋನು ಕೊಡುತ್ತಾನೆ. ಕೊನೆಗೆ, ಕಾರಿನಲ್ಲಿ ಕಾಯುತ್ತಿರುವ ಹೆಂಗಸಿಗೆ ಕಾಣದ ಹಾಗೆ, ವೆಂಡಿಯ ಕೈಯಲ್ಲಿ ಒಂದಿಷ್ಟು ನೋಟು ತುರುಕುತ್ತಾನೆ. ಬಿಡಿಸಿದರೆ ಆರೇಳು ಡಾಲರ್. ಅವನ ಮಟ್ಟಿಗೆ ಅದು ಕದ್ದುಮುಚ್ಚಿ ಕೊಡಬೇಕಾದಷ್ಟು ದೊಡ್ಡ ಮೊತ್ತ ಎಂದು ಹೊಳೆದಾಗ ನನ್ನ ಪೆನ್ನು ತಡೆಯಿತು. ಜಮಾ ಕಡೆ ಹೊಸದಾಗಿ ಬರೆಯಬೇಕಾಗಿ ಬಂದದ್ದು ಅದೊಂದನ್ನೇ.

ಬಡತನ ಮತ್ತು ನಾಯಿ ಎಂದಕೂಡಲೇ ವಿಟ್ಟೋರಿಯೋ ಡಿ ಸಿಕಾ ಅವರ ‘ಉಂಬೆರ್ತೋ ಡಿ’ (1952) ನೆನಪಾಗದೆ ಇರದು. ಪಿಂಚಣಿ ಸಾಲದ ಮುದುಕ, ಅವನ ನಾಯಿ ಫ್ಲೈಕ್. ಅಲ್ಲಿಯೂ ನಾಯಿ ಕಳೆಯುತ್ತದೆ, ಬೋನುಗಳ ನಡುವೆ ಹುಡುಕಾಟ ನಡೆಯುತ್ತದೆ, ರೈಲು ಬರುತ್ತದೆ. ನಾಯಿಯೊಂದಿಗೆ ಸಾಯಲು ಹಳಿಯ ಬಳಿ ನಿಂತ ಮುದುಕನ ಕೈಯಿಂದ ಫ್ಲೈಕ್ ಕೊಸರಿಕೊಂಡು ಓಡಿ ಇಬ್ಬರನ್ನೂ ಉಳಿಸುತ್ತದೆ. ಮುನಿದ ನಾಯಿಯನ್ನು ಮುದುಕ ಪೈನ್ ಕಾಯಿ ಹಿಡಿದು ಆಟಕ್ಕೆ ಒಲಿಸುತ್ತಾನೆ. ನಾಳೆಯ ಗತಿ ಗೊತ್ತಿಲ್ಲ, ಆದರೂ ಇಬ್ಬರೂ ಒಟ್ಟಿಗಿದ್ದಾರೆ. ರೈಕಾರ್ಟ್ ಈ ಸಮಾಧಾನವನ್ನೂ ಉಳಿಸುವುದಿಲ್ಲ.

ಕನ್ನಡದ ನೋಡುಗರಿಗೆ ಇನ್ನೂ ಹತ್ತಿರದ ನೆನಪು ‘777 ಚಾರ್ಲಿ’ (2022). ಕಿರಣ್‌ರಾಜ್ ನಿರ್ದೇಶನದ ಆ ಚಿತ್ರದ ನಾಯಕನ ಹೆಸರು ಧರ್ಮ. ಬೈಕಿಗೆ ಸೈಡ್‌ಕಾರ್ ಜೋಡಿಸಿ ನಾಯಿಯೊಡನೆ ಹಿಮದ ಕಡೆ ಹೊರಡುತ್ತಾನೆ. ಹೆಸರೂ ದಿಕ್ಕೂ ಸೇರಿದರೆ ಮಹಾಪ್ರಸ್ಥಾನವೇ. ನಾಯಿಯನ್ನು ಬಿಟ್ಟು ಬಾ ಎಂದ ಇಂದ್ರನಿಗೆ, ಹಾಗಿದ್ದರೆ ಸ್ವರ್ಗವೇ ಬೇಡ ಎಂದ ಧರ್ಮರಾಯನ ಕಥೆ ನಮ್ಮಲ್ಲಿ ಮಕ್ಕಳಿಗೂ ಗೊತ್ತು. ನಾಯಿಯನ್ನು ಬಿಡದಿರುವುದೇ ಪ್ರೀತಿ ಎಂಬ ಅಳತೆಗೋಲು ನಮ್ಮ ಕೈಗೆ ಬಂದದ್ದು ಅಲ್ಲಿಂದ. ಅದೇ ಕೋಲಿನಿಂದ ವೆಂಡಿಯನ್ನು ಅಳೆದರೆ ಆಕೆ ಸೋತವಳು. ಲೂಸಿ ಸಿಗುತ್ತದೆ, ಬೇಲಿ ಹಾಕಿದ ಹಿತ್ತಲಿರುವ ಮನೆಯೊಂದು ಅದನ್ನು ಸಾಕಿಕೊಂಡಿದೆ. ಬೇಲಿಯ ಈಚೆ ನಿಂತು ವೆಂಡಿ ಒಂದು ಕೋಲೆಸೆದು ಆಡುತ್ತಾಳೆ. ಕಾರು ಹೋಯಿತೆಂದು ನಾಯಿಗೆ ಹೇಳುತ್ತಾಳೆ, ದುಡ್ಡು ಮಾಡಿಕೊಂಡು ಬರುತ್ತೇನೆ ಎನ್ನುತ್ತಾಳೆ, ಗೂಡ್ಸ್ ರೈಲು ಹತ್ತಿ ಹೊರಟುಹೋಗುತ್ತಾಳೆ.

ಚಿತ್ರದಲ್ಲಿ ಕೊರತೆಗಳಿಲ್ಲವೆಂದಲ್ಲ. ಕಾಡಿನಲ್ಲಿ ಮಲಗಿದ ರಾತ್ರಿ ಅಪರಿಚಿತನೊಬ್ಬ ಕತ್ತಲಲ್ಲಿ ಬಡಬಡಿಸುವ ದೃಶ್ಯ ಬೇರೆ ಜಾತಿಯ ಚಿತ್ರದಿಂದ ಎರವಲು ತಂದಂತಿದೆ. ಅಷ್ಟು ಹೊತ್ತು ದಿನನಿತ್ಯದ ಸಂಗತಿಗಳಿಂದಲೇ ಭಯ ಕಟ್ಟಿದ ನಿರ್ದೇಶಕಿಗೆ ಇಂಥ ಭಯ ಬೇಕಿರಲಿಲ್ಲ. ವಿಳಾಸ ಪಡೆಯಲು ಮೊದಲೊಂದು ವಿಳಾಸ ಬೇಕು, ಕೆಲಸ ಪಡೆಯಲು ಮೊದಲೊಂದು ಕೆಲಸ ಬೇಕು ಎಂಬ ಕಾವಲುಗಾರನ ಮಾತು ನಿಜವೇ ಆದರೂ ಕೊಂಚ ಕಡೆದಿಟ್ಟ ಮಾತು. ಮೊದಲ ಸಲ ನೋಡಿದಾಗ ನನ್ನ ದೊಡ್ಡ ತಕರಾರು ಇದ್ದದ್ದು ದಿನಸಿ ಅಂಗಡಿಯ ಹುಡುಗನ ಮೇಲೆ. ಆಕೆಯನ್ನು ಹಿಡಿದ ಆತ, ನಾಯಿಗೆ ಊಟ ಹಾಕಲಾಗದವರು ನಾಯಿ ಸಾಕಬಾರದು ಎಂದು ತೀರ್ಪು ಕೊಡುತ್ತಾನೆ. ಚಿತ್ರ ತನ್ನ ವಿಷಯವನ್ನು ಪಾತ್ರದ ಬಾಯಿಗೆ ತುರುಕಿದೆ ಎನ್ನಿಸಿತ್ತು. ಆತನನ್ನು ಸಂಜೆ ಅಮ್ಮ ಕಾರು ತಂದು ಕರೆದೊಯ್ಯುತ್ತಾಳೆ ಎಂಬ ವಿವರವೂ ಬೇಕೆಂದೇ ಇಟ್ಟಂತೆ ಕಂಡಿತ್ತು.

ಎರಡನೇ ಸಲ ಆ ತಕರಾರು ನಿಲ್ಲಲಿಲ್ಲ. ಬೇಲಿಯ ಹತ್ತಿರ ವೆಂಡಿ ಮಾಡುವುದು ಆ ಹುಡುಗ ಹೇಳಿದ್ದನ್ನೇ. ಅವನ ಬಾಯಲ್ಲಿ ಶಿಕ್ಷೆಯಾಗಿದ್ದ ಮಾತು ಇವಳ ಕೈಯಲ್ಲಿ ತ್ಯಾಗವಾಗಿದೆ. ಹಾಗೆಂದು ಹುಡುಗ ಗೆದ್ದನೇ? ಮೊದಲ ಮಾತಿಲ್ಲದಿದ್ದರೆ ಕೊನೆಯ ಮೌನಕ್ಕೆ ಇಷ್ಟು ಭಾರ ಬರುತ್ತಿರಲಿಲ್ಲ. ಊಟ ಹಾಕಲಾಗದವರಿಗೆ ಪ್ರೀತಿಯ ಹಕ್ಕೂ ಇಲ್ಲವೇ ಎಂಬ ಪ್ರಶ್ನೆಯನ್ನು ಚಿತ್ರ ಉತ್ತರಿಸದೆ ನಮ್ಮ ಮುಂದಿಟ್ಟು ವೆಂಡಿಯನ್ನು ರೈಲು ಹತ್ತಿಸುತ್ತದೆ. ಧರ್ಮರಾಯನ ಎದುರಿಗೆ ರಥವಿತ್ತು, ಬೇಡವೆನ್ನಲು ಸ್ವರ್ಗವಿತ್ತು. ವೆಂಡಿಗೆ ಬೇಡವೆನ್ನಲು ಏನೂ ಇರಲಿಲ್ಲ.

ಹಾಳೆಯನ್ನು ಇನ್ನೊಮ್ಮೆ ನೋಡಿದೆ. ಬಲಗಡೆಗೆ ದಾಟಿದ ಬಾಬ್ತುಗಳಲ್ಲಿ ಒಂದೊಂದೂ ಅವಳಿಂದ ಯಾರೋ ತೆಗೆದುಕೊಂಡದ್ದು: ದಂಡ ಕೋರ್ಟಿಗೆ, ಕಾರು ಗ್ಯಾರೇಜಿಗೆ. ಕೊನೆಯ ಸಾಲಿನದನ್ನು ಮಾತ್ರ ಅವಳೇ ಕೊಟ್ಟಿದ್ದಳು.