ಗೋಲು ಹೊಡೆಯದವರ ಆಟ

ನಮ್ಮ ಮಧೂರಿನ ಕಡೆ ‘ಆಟ’ ಎಂದರೆ ಮೊದಲು ನೆನಪಾಗುವುದು ಯಕ್ಷಗಾನ. ಒಂಬತ್ತನೆಯ ತರಗತಿಯ ನನ್ನ ಮಗನಿಗೆ ಮಾತ್ರ ಆಟವೆಂದರೆ ಫುಟ್‌ಬಾಲ್. ಅವನ ಒತ್ತಾಯಕ್ಕೆ ಮಣಿದು, ಬ್ಯಾಂಕಿನಿಂದ ಬಂದ ಮೇಲೆ ರಾತ್ರಿ ಅವನ ಜೊತೆ ಕೂತು ‘ಕ್ಯಾಪ್ಟನ್ ತ್ಸುಬಾಸ’ ನೋಡಿದೆ.

ಯೋಯಿಚಿ ತಕಾಹಾಶಿ 1981ರಲ್ಲಿ ಆರಂಭಿಸಿದ ಚಿತ್ರಕಥೆಯನ್ನು ಆಧರಿಸಿ 1983ರಿಂದ 1986ರವರೆಗೆ ಜಪಾನಿನಲ್ಲಿ ಪ್ರಸಾರವಾದ, 128 ಕಂತುಗಳ ಕಾರ್ಟೂನ್ ಮಾಲಿಕೆ ಇದು. ಜಪಾನ್ ಮೊದಲ ಬಾರಿಗೆ ವಿಶ್ವಕಪ್ಪಿಗೆ ಅರ್ಹತೆ ಪಡೆದು ಆಡಿದ್ದು 1998ರಲ್ಲಿ ಎಂಬುದನ್ನು ನೆನೆದರೆ, ಇದು ಆ ನಾಡಿನ ಮಕ್ಕಳ ಕನಸು ಮೊಳೆತ ಕಾಲದ ಕೃತಿ ಎನ್ನಬಹುದು.

ಶಾಲಾ ಬಾಲಕ ತ್ಸುಬಾಸ ಹೊಸ ಊರಿಗೆ ಬಂದು ನಾನ್ಕಾತ್ಸು ಶಾಲೆಯ ದುರ್ಬಲ ತಂಡವನ್ನು ಸೇರುತ್ತಾನೆ. ಎದುರಿಗೆ ಶೂತೆತ್ಸು ಶಾಲೆಯ ಬಲಿಷ್ಠ ತಂಡ. ಅದರ ಗೋಲಿ ವಾಕಾಬಾಯಾಶಿ. ಮುಂದೆ ಈ ಎದುರಾಳಿಗಳೇ ಊರಿನ ಆಯ್ದ ತಂಡವೊಂದರಲ್ಲಿ ಜೊತೆಯಾಗುತ್ತಾರೆ. ನನಗೆ ಮಾಲಿಕೆಯ ಜೀವ ಕಂಡದ್ದು ಇಲ್ಲಿ. ನಿನ್ನೆಯ ಎದುರಾಳಿಗೆ ಇಂದು ಚೆಂಡು ಕೊಡುವುದಕ್ಕೆ ಕಾಲಿನ ಬಲ ಸಾಲದು, ಮನಸ್ಸೂ ಬೇಕು. ಕನ್ನಡ, ಮಲಯಾಳ, ತುಳು ಮಾತನಾಡುವ ಹುಡುಗರು ಒಂದೇ ಮೈದಾನದಲ್ಲಿ ಕೂಡುವ ನಮ್ಮೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಆದರೆ ಮಾಲಿಕೆ ತಾನು ಹೇಳುವುದನ್ನು ಪೂರ್ತಿ ನಂಬುವುದಿಲ್ಲ. ಒಗ್ಗಟ್ಟನ್ನು ಬಾಯಲ್ಲಿ ಹೇಳುತ್ತ, ಕಣ್ಣನ್ನು ನಾಯಕನ ಮೇಲೆಯೇ ನೆಡುತ್ತದೆ. ತ್ಸುಬಾಸ ಚೆಂಡು ಒದೆಯುವಾಗ ಕಾಲವೇ ನಿಲ್ಲುತ್ತದೆ, ಮೈದಾನಕ್ಕೆ ಕೊನೆಯೇ ಕಾಣುವುದಿಲ್ಲ. ಉಳಿದವರು ನೋಡುತ್ತ ನಿಲ್ಲುತ್ತಾರೆ. ಭಾಗವತರ ಪದವನ್ನೂ ಚೆಂಡೆ-ಮದ್ದಳೆಯನ್ನೂ ಮರೆತು ವೇಷವನ್ನಷ್ಟೇ ಹೊಗಳುವ ಪ್ರೇಕ್ಷಕನ ತಪ್ಪು ಇದು.

ಈ ಕೊರತೆಯನ್ನು ಸ್ವಲ್ಪ ತುಂಬುವವನು ಇಶಿಜಾಕಿ. ಸಾರ್ವಜನಿಕ ಸ್ನಾನಗೃಹ ನಡೆಸುವ ಮನೆಯ ಹುಡುಗ, ವಿಶೇಷ ಪ್ರತಿಭೆಯಿಲ್ಲ. ಗೋಲಿನತ್ತ ಬರುವ ಚೆಂಡಿಗೆ ಮುಖವನ್ನೇ ಒಡ್ಡಿ ತಡೆಯುತ್ತಾನೆ. ನಗು ಬರುತ್ತದೆ, ಬೆನ್ನಿಗೇ ಗೌರವವೂ ಬರುತ್ತದೆ.

ನನ್ನ ಮಗ ಶಾಲಾ ತಂಡದಲ್ಲಿ ಹಿಂದಿನ ಸಾಲಿನ ಆಟಗಾರ. ಈ ವರ್ಷ ಒಂದು ಗೋಲನ್ನೂ ಹೊಡೆದಿಲ್ಲವೆಂದು, ತಂಡ ಬಿಡುವ ಮಾತಾಡುತ್ತಿದ್ದ. ಆ ಕಂತು ಮುಗಿದ ಮೇಲೆ, “ಅಪ್ಪಾ, ಇಶಿಜಾಕಿ ಇಲ್ಲದಿದ್ದರೆ ಇವರು ಸೋಲುತ್ತಿದ್ದರಲ್ಲವಾ?” ಎಂದು ಕೇಳಿದ.

ಹೌದು ಎಂದೆ. ಮರುದಿನ ಬೆಳಿಗ್ಗೆ ಬೂಟು ಹಿಡಿದುಕೊಂಡೇ ಶಾಲೆಗೆ ಹೋದ. ಇಷ್ಟೆಲ್ಲ ದೋಷಗಳಿದ್ದರೂ ಈ ಮಾಲಿಕೆಯನ್ನು ಮಕ್ಕಳ ಜೊತೆ ಕೂತು ನೋಡಿ ಎನ್ನುತ್ತೇನೆ. ಕಣ್ಣು ಮಾತ್ರ ಹಿಂದಿನ ಸಾಲಿನ ಮೇಲಿರಲಿ.