ಲೆಕ್ಕ ಸರಿ, ಊಹೆ ಯಾರದು?

ಹಾಲಿನ ಬೂತೊಂದರಲ್ಲಿ ದಿನಕ್ಕೆ ಕನಿಷ್ಠ 200 ಲೀಟರ್, ಗರಿಷ್ಠ 600 ಲೀಟರ್ ಹಾಲು ಖರ್ಚಾಗುತ್ತದೆ. ಈ ಎರಡರ ನಡುವೆ ಸಂಭವನೀಯತೆಯ ಸಾಂದ್ರತೆ ಎಲ್ಲೆಡೆಯೂ ಒಂದೇ, ಅದರ ಬೆಲೆ ‘ಕೆ’. ಹಾಗಾದರೆ ಕೆ ಎಷ್ಟು? ಮಾರಾಟ 300ರಿಂದ 500 ಲೀಟರ್‌ ಒಳಗಿರುವ ಸಂಭವನೀಯತೆ ಎಷ್ಟು? ತಮಿಳುನಾಡಿನ ಹನ್ನೆರಡನೆಯ ತರಗತಿಯ ಗಣಿತ ಪಠ್ಯದ ಎರಡನೆಯ ಸಂಪುಟದಲ್ಲಿ, ‘ಸಂಭವನೀಯತಾ ವಿತರಣೆಗಳು’ ಎಂಬ ಹನ್ನೊಂದನೆಯ ಅಧ್ಯಾಯದಲ್ಲಿ ಇರುವ ಲೆಕ್ಕವಿದು. ಕೆ ಅಂದರೆ ನಾನೂರರಲ್ಲೊಂದು ಭಾಗ. ಎರಡನೆಯ ಉತ್ತರ ಅರ್ಧ. ಚೆನ್ನೈನ ಚುರುಕಾದ ವಿದ್ಯಾರ್ಥಿಗೆ ಇದು ಎರಡು ನಿಮಿಷದ ಕೆಲಸ.

ಬೆಳಗಿನ ಜಾವ ತಮಿಳುನಾಡಿನ ಸಹಕಾರಿ ಹಾಲಾದ ಆವಿನ್‌ನ ಬೂತಿನ ಮುಂದೆ ನಿಂತವರಿಗೆ ಮಾತ್ರ ಈ ಲೆಕ್ಕ ಒಪ್ಪಿಗೆಯಾಗದು. ಹಾಲಿನ ಮಾರಾಟ ಹೀಗೆ ಸಮನಾಗಿ ಹರಡಿಕೊಳ್ಳುವುದಿಲ್ಲ. ಬೀದಿಯ ಮನೆಗಳು ಅವೇ, ಹಾಲಿನ ಕಾರ್ಡುಗಳೂ ಅವೇ. ಬಹುಪಾಲು ದಿನ ಮಾರಾಟ ಒಂದು ಮಟ್ಟದ ಆಸುಪಾಸಿನಲ್ಲೇ ಇರುತ್ತದೆ, ಪೊಂಗಲ್ ಬಂದರೆ ಏರುತ್ತದೆ. 210 ಲೀಟರಿನ ದಿನವೂ 400 ಲೀಟರಿನ ದಿನವೂ ಒಂದೇ ಪ್ರಮಾಣದಲ್ಲಿ ಬರುತ್ತವೆ ಎಂಬುದು ಯಾರೋ ಮಾಡಿಕೊಂಡ ಊಹೆ. ಆ ಊಹೆ ಯಾಕೆ, ಅದು ಸರಿಯೇ ಎಂದು ಲೆಕ್ಕ ಕೇಳುವುದಿಲ್ಲ. ಈ ಅಧ್ಯಾಯದ ಬಗ್ಗೆ ನನ್ನ ಮುಖ್ಯ ತಕರಾರು ಇದೇ. ವಿತರಣೆಯನ್ನು ಅದು ಸೂತ್ರವಾಗಿ ಕೈಗಿಡುತ್ತದೆ. ವಿತರಣೆ ಎಲ್ಲಿಂದ ಬರುತ್ತದೆ ಎಂದು ತೋರಿಸುವುದಿಲ್ಲ.

ಹಾಗೆಂದು ಇದನ್ನು ಕಳಪೆ ಅಧ್ಯಾಯ ಎನ್ನಲಾರೆ. 2019ರಲ್ಲಿ ಬಂದ ಈ ಪುಸ್ತಕ ಯಾದೃಚ್ಛಿಕ ಚರವನ್ನು ಪರಿಚಯಿಸುವಾಗ ತೋರುವ ಶ್ರದ್ಧೆ ಅಪರೂಪದ್ದು. ಯಾದೃಚ್ಛಿಕ ಚರವೆಂದರೆ ಮೊದಲೇ ತಿಳಿಯದ ಒಂದು ಸಂಖ್ಯೆ ಎಂದು ಹಾರಿಸಿಬಿಡುವ ಪುಸ್ತಕಗಳೇ ಹೆಚ್ಚು. ಇಲ್ಲಿ ಹಾಗಲ್ಲ. ಅದು ಪ್ರಯೋಗದ ಪ್ರತಿ ಫಲಿತಕ್ಕೂ ಒಂದು ಸಂಖ್ಯೆಯನ್ನು ಹೊಂದಿಸುವ ಫಲನ ಎಂದು ಮೊದಲೇ ಹೇಳಿ, ಆಮೇಲೆ ವಿದ್ಯಾರ್ಥಿಯನ್ನು ಹಿಂದಕ್ಕೆ ನಡೆಸುತ್ತದೆ. ಎರಡು ನಾಣ್ಯ ಚಿಮ್ಮಿದಾಗ ಬೀಳುವ ‘ಹಿಂಭಾಗ’ಗಳ ಎಣಿಕೆ ನಮ್ಮ ಚರವಾದರೆ, 1 ಎಂಬ ಬೆಲೆಯ ವಿಲೋಮ ಬಿಂಬದಲ್ಲಿ, ಅಂದರೆ ಆ ಬೆಲೆ ಕೊಡುವ ಫಲಿತಗಳ ಗುಂಪಿನಲ್ಲಿ, ಯಾವ ಫಲಿತಗಳಿವೆ, ಎಷ್ಟಿವೆ? ಐದು ಮಾವು, ನಾಲ್ಕು ಸೇಬು ಇರುವ ಪಾತ್ರೆಯಿಂದ ಮೂರು ಹಣ್ಣು ತೆಗೆದರೆ ಸೇಬಿನ ಎಣಿಕೆಯ ಪ್ರತಿ ಬೆಲೆಯ ಹಿಂದೆ ಎಷ್ಟು ಫಲಿತಗಳಿವೆ?

ಒಣ ವಿಧಿಯಂತೆ ಕಾಣುವ ಈ ಹಿಂದಿರುಗಿ ಎಣಿಸುವ ಅಭ್ಯಾಸದ ಬೆಲೆ ತಿಳಿಯಬೇಕಾದರೆ ಹದಿನೆಂಟನೆಯ ಶತಮಾನದ ಫ್ರಾನ್ಸಿಗೆ ಹೋಗಬೇಕು. ಎರಡು ಸಲ ನಾಣ್ಯ ಚಿಮ್ಮಿದರೆ ಒಮ್ಮೆಯಾದರೂ ‘ಮುಂಭಾಗ’ ಬೀಳುವ ಸಂಭವನೀಯತೆ ಮೂರರಲ್ಲಿ ಎರಡು ಎಂದು ಡ’ಅಲಂಬೇರ್ 1754ರಲ್ಲಿ ಫ್ರೆಂಚ್ ವಿಶ್ವಕೋಶದಲ್ಲೇ ವಾದಿಸಿದ. ಮೊದಲ ಸಲವೇ ಬಿದ್ದರೆ ಆಟ ಮುಗಿಯಿತು, ಎರಡನೆಯ ಸಲ ಬೀಳಬಹುದು, ಬೀಳದೆಯೂ ಇರಬಹುದು. ಒಟ್ಟು ಮೂರು ದಾರಿ, ಮೂರೂ ಸಮ ಎಂದು ಅವನ ಎಣಿಕೆ. ಅಷ್ಟು ದೊಡ್ಡ ಗಣಿತಜ್ಞ ಎಡವಿದ ಜಾಗದಲ್ಲೇ ನಮ್ಮ ಹದಿನೇಳರ ಮಕ್ಕಳೂ ಎಡವುತ್ತಾರೆ: ‘ಹಿಂಭಾಗ’ಗಳ ಎಣಿಕೆಗೆ ಸೊನ್ನೆ, ಒಂದು, ಎರಡು ಎಂಬ ಮೂರು ಬೆಲೆಗಳಿವೆ, ಆದ್ದರಿಂದ ತಲಾ ಮೂರರಲ್ಲಿ ಒಂದು. ವಿಲೋಮ ಬಿಂಬ ಎಣಿಸಿದವರಿಗೆ ಒಂದು, ಎರಡು, ಒಂದು ಎಂಬ ಎಣಿಕೆ ಕಾಣುತ್ತದೆ, ತಪ್ಪು ತಾನಾಗಿ ಕಳಚುತ್ತದೆ. ಇಷ್ಟಕ್ಕಾಗಿಯೇ ಈ ಪುಸ್ತಕವನ್ನು ಹೊಗಳಬೇಕು.

ನಾಣ್ಯ ಮಾತ್ರ ಕಾಗದದ ಮೇಲೇ ಉಳಿಯುತ್ತದೆ. ನಲವತ್ತು ಮಕ್ಕಳ ತರಗತಿಯಲ್ಲಿ ಒಬ್ಬೊಬ್ಬರೂ ಎರಡೆರಡು ನಾಣ್ಯಗಳನ್ನು ಹತ್ತು ಸಲ ಚಿಮ್ಮಿದರೆ ನಾನೂರು ಫಲಿತ ಕೈಗೆ ಬರುತ್ತದೆ. ಸುಮಾರು ನೂರು, ಇನ್ನೂರು, ನೂರು ಎಂಬಂತೆ ಅವು ಕಂಬಗಳಾಗಿ ಏಳುತ್ತವೆ. ಆದರೆ ಯಾವುದೋ ಬೆಂಚಿನ ಹುಡುಗನ ಹತ್ತು ಸರದಿಯಲ್ಲಿ ಸೊನ್ನೆ ಒಮ್ಮೆಯೂ ಬಂದಿರುವುದಿಲ್ಲ, ಇನ್ನೊಬ್ಬಳಿಗೆ ಐದು ಸಲ ಬಂದಿರುತ್ತದೆ. ವಿತರಣೆ ಒಂದೇ, ಒಬ್ಬೊಬ್ಬರ ಪಾಲಿಗೆ ಬಂದದ್ದು ಬೇರೆ ಬೇರೆ. ಇದನ್ನು ಕಣ್ಣಾರೆ ಕಂಡ ಮೇಲೆ ನಿರೀಕ್ಷಿತ ಮೌಲ್ಯ, ವ್ಯತ್ಯಯಗಳ ಸೂತ್ರ ಬರಬೇಕಿತ್ತು. ಪುಸ್ತಕದಲ್ಲಿ ಇಂಥ ಒಂದು ಪೀರಿಯಡ್‌ಗೆ ಜಾಗವಿಲ್ಲ. ತೊಂಬತ್ತು ಅಂಕಗಳ ಪಬ್ಲಿಕ್ ಪರೀಕ್ಷೆಯಲ್ಲಿ ಇಪ್ಪತ್ತು ಒಂದಂಕದ ಪ್ರಶ್ನೆಗಳು. ಅಧ್ಯಾಯದ ಕೊನೆಯ ಬಹು ಆಯ್ಕೆಯ ಪ್ರಶ್ನೆಗಳನ್ನು ಉರುಹೊಡೆಸುವ ಮೇಷ್ಟರನ್ನು ದೂರಿ ಫಲವಿಲ್ಲ.

ಅಧ್ಯಾಯದ ಅತ್ಯುತ್ತಮ ಲೆಕ್ಕ ಯಾವುದೆಂದು ಕೇಳಿದರೆ ಲಾಟರಿಯದು ಎನ್ನುತ್ತೇನೆ. 600 ಟಿಕೆಟ್, 200 ರೂಪಾಯಿಯ ಬಹುಮಾನ ಒಂದು, 100 ರೂಪಾಯಿಯವು ನಾಲ್ಕು, 50 ರೂಪಾಯಿಯವು ಆರು, ಟಿಕೆಟ್ ಬೆಲೆ 2 ರೂಪಾಯಿ. ಬಹುಮಾನದ ಒಟ್ಟು ಹಣ 900 ರೂಪಾಯಿ, ಅಂದರೆ ಟಿಕೆಟ್ಟಿಗೆ ಒಂದೂವರೆ ರೂಪಾಯಿ. ಕೊಂಡವನಿಗೆ ಸರಾಸರಿ ಐವತ್ತು ಪೈಸೆ ನಷ್ಟ. ತಮಿಳುನಾಡು ಲಾಟರಿಯನ್ನು 2003ರಲ್ಲೇ ನಿಷೇಧಿಸಿತು, 2022ರಲ್ಲಿ ಹಣ ಕಟ್ಟಿ ಆಡುವ ಆನ್‌ಲೈನ್ ಜೂಜಿನ ವಿರುದ್ಧವೂ ಕಾಯ್ದೆ ತಂದಿತು. ಸಾಲಕ್ಕೆ ಬಿದ್ದ ಮನೆಗಳ ಸಂಕಟ ಆ ಎರಡು ಕಾನೂನುಗಳ ಹಿಂದಿದೆ. ಆ ಐವತ್ತು ಪೈಸೆ ಯಾಕೆ ಯಾರ ಕಣ್ಣಿಗೂ ಬೀಳುವುದಿಲ್ಲ? 600ರಲ್ಲಿ 589 ಟಿಕೆಟ್ಟುಗಳ ಪಾಲಿಗೆ ಏನೂ ಬರದಿದ್ದರೂ ಜನ ಕೊಳ್ಳುವುದೇಕೆ? ಸರಾಸರಿಯನ್ನೂ ಹರವನ್ನೂ ಅಕ್ಕಪಕ್ಕ ಇಟ್ಟು ನೋಡಲು ಇದಕ್ಕಿಂತ ಒಳ್ಳೆಯ ಅವಕಾಶ ಸಿಗದು. ಪುಸ್ತಕ ನಿರೀಕ್ಷಿತ ಮೌಲ್ಯದ ಹೊಸ್ತಿಲಲ್ಲೇ ನಿಂತುಬಿಡುತ್ತದೆ.

ರೈಲಿನ ಲೆಕ್ಕವಂತೂ ಚೆನ್ನೈ ಮಕ್ಕಳದ್ದೇ. ಅರ್ಧ ಗಂಟೆಗೊಮ್ಮೆ ಚಾಚೂ ತಪ್ಪದೆ ರೈಲು ಬರುತ್ತದೆ, ವಿದ್ಯಾರ್ಥಿ ಯಾವುದೋ ಹೊತ್ತಿಗೆ ನಿಲ್ದಾಣ ತಲುಪುತ್ತಾನೆ, ಕಾಯುವ ಸಮಯದ ನಿರೀಕ್ಷಿತ ಮೌಲ್ಯ ಎಷ್ಟು? ಹದಿನೈದು ನಿಮಿಷ. ಇದನ್ನು ಅರ್ಥೈಸಿ ಎಂದೂ ಪುಸ್ತಕ ಕೇಳುತ್ತದೆ, ಸಂತೋಷ. ಇಲ್ಲಿ ಸಮ ವಿತರಣೆಗೆ ಕಾರಣವೂ ಇದೆ: ಗಡಿಯಾರದಂತೆ ಬರುವ ರೈಲು, ಹೊತ್ತು ನೋಡದೆ ಬರುವ ಹುಡುಗ. ಹಾಲಿನ ಬೂತಿಗೆ ಇಲ್ಲದ ಸಮರ್ಥನೆ ಈ ರೈಲಿಗಿದೆ. ಈ ಎರಡನ್ನೂ ಎದುರುಬದುರು ಇಟ್ಟು ಚರ್ಚಿಸಿದ್ದರೆ ಮಾದರಿ ಎಂದರೇನು ಎಂಬುದು ಮಕ್ಕಳಿಗೆ ಅಲ್ಲೇ ಹೊಳೆಯುತ್ತಿತ್ತು.

ಇನ್ನೊಂದು ಹೆಜ್ಜೆ ಮುಂದಿಟ್ಟು ರೈಲಿನ ಬದಲು ಚೆನ್ನೈನ ನಗರ ಸಾರಿಗೆಯಾದ ಎಂಟಿಸಿಯ ಬಸ್ಸನ್ನು ತೆಗೆದುಕೊಳ್ಳಿ. ಟಿ. ನಗರದ ನಿಲ್ದಾಣದಲ್ಲಿ ಸರಾಸರಿ ಅರ್ಧ ಗಂಟೆಗೊಂದು ಬಸ್ಸು, ಆದರೆ ಟ್ರಾಫಿಕ್ಕಿನಿಂದಾಗಿ ಅಂತರ ಒಮ್ಮೆ 10 ನಿಮಿಷ, ಮರುಸಲ 50 ನಿಮಿಷ ಎನ್ನೋಣ. ಅಂತರಗಳ ಸರಾಸರಿ ಈಗಲೂ 30. ಕಾಯುವ ಸರಾಸರಿ ಮಾತ್ರ ಹದಿನೈದಲ್ಲ. ಗಂಟೆಯ ಆರು ಪಾಲಿನಲ್ಲಿ ಐದು ಪಾಲು ಉದ್ದದ ಅಂತರದ್ದೇ ಆದ್ದರಿಂದ ಆರರಲ್ಲಿ ಐದು ಸಲ ನಾವು ಅದರೊಳಗೇ ಸಿಕ್ಕಿಬೀಳುತ್ತೇವೆ, ಅಲ್ಲಿ ಸರಾಸರಿ 25 ನಿಮಿಷ ಕಾಯುತ್ತೇವೆ. ಉಳಿದ ಒಂದು ಸಲ 5 ನಿಮಿಷ. ಕೂಡಿಸಿದರೆ ಸರಾಸರಿ 21 ನಿಮಿಷ 40 ಸೆಕೆಂಡು. ಬಸ್ಸುಗಳ ಸಂಖ್ಯೆ ಒಂದೂ ಕಡಿಮೆಯಾಗದೆ, ಬರೀ ಏರುಪೇರಿನಿಂದ ಕಾಯುವಿಕೆ 6 ನಿಮಿಷ 40 ಸೆಕೆಂಡಿನಷ್ಟು ಬೆಳೆಯಿತು. ದಿನಾ ಕಾಯುವ ಹುಡುಗಿ ‘ನಾನು ಬಂದಾಗಲೇ ಬಸ್ಸು ತಡ’ ಎನ್ನುವುದು ಗೊಣಗಾಟವಲ್ಲ, ವ್ಯತ್ಯಯದ ಪಾಠ. ಹನ್ನೆರಡನೆಯ ತರಗತಿಯ ಗಣಿತಕ್ಕೆ ಇದು ಒಂದಿಷ್ಟೂ ಭಾರವಲ್ಲ.

ದ್ವಿಪದ ವಿತರಣೆಗೂ ಚೆನ್ನೈ ನಗರ ತನ್ನ ಉದಾಹರಣೆಯನ್ನು ಬಹಳ ನೋವಿನಿಂದ ಒದಗಿಸಿದೆ. 2015ರ ಡಿಸೆಂಬರ್ ಮೊದಲ ದಿನ ತಾಂಬರಂನಲ್ಲಿ 24 ಗಂಟೆಯಲ್ಲಿ ಸುಮಾರು 49 ಸೆಂಟಿಮೀಟರ್ ಮಳೆ ಸುರಿಯಿತು, ಅಡ್ಯಾರ್ ನದಿ ದಂಡೆ ಮೀರಿತು. ನೂರು ವರ್ಷಕ್ಕೊಮ್ಮೆಯ ಮಳೆ ಎಂದು ಕೇಳಿದವರಲ್ಲಿ ಹಲವರು ಇನ್ನು ನೂರು ವರ್ಷ ನಿಶ್ಚಿಂತೆ ಎಂದುಕೊಂಡರು. 2023ರ ಡಿಸೆಂಬರಿನಲ್ಲಿ ಮಿಚಾಂಗ್ ಚಂಡಮಾರುತ ಮತ್ತೆ ನಗರವನ್ನು ಮುಳುಗಿಸಿತು. ವರ್ಷಕ್ಕೆ ನೂರರಲ್ಲಿ ಒಂದರ ಸಂಭವನೀಯತೆ ಇರುವ ಘಟನೆ 30 ವರ್ಷದ ಗೃಹಸಾಲದ ಅವಧಿಯಲ್ಲಿ ಒಮ್ಮೆಯಾದರೂ ನಡೆಯುವ ಸಂಭವನೀಯತೆ ಎಷ್ಟು? 0.99 ಅನ್ನು ಮೂವತ್ತು ಸಲ ಗುಣಿಸಿ ಒಂದರಿಂದ ಕಳೆಯಿರಿ: ಶೇ. 26. ಚೆನ್ನೈನ ತಗ್ಗು ಪ್ರದೇಶವಾದ ವೇಳಚೇರಿಯಲ್ಲಿ ಮನೆ ಕೊಳ್ಳುವವರು ತಿಳಿದಿರಬೇಕಾದ ಸಂಖ್ಯೆ ಇದು. ಪ್ರತಿ ವರ್ಷವೂ ಹಿಂದಿನ ವರ್ಷದಿಂದ ಸ್ವತಂತ್ರವೇ, ಸಮುದ್ರ ಬಿಸಿಯಾಗುತ್ತಿರುವಾಗ ಆ ನೂರರಲ್ಲಿ ಒಂದು ಸ್ಥಿರವಾಗಿ ಉಳಿಯುತ್ತದೆಯೇ ಎಂದು ಮಕ್ಕಳು ಎದ್ದು ಕೇಳಿದರೆ ಇನ್ನೂ ಒಳ್ಳೆಯದು. ಇಂಥ ಸ್ವಾತಂತ್ರ್ಯ, ಸ್ಥಿರತೆ ಸೇರಿದಂತೆ ಬರ್ನೌಲಿ ಪ್ರಯೋಗದ ನಿಬಂಧನೆಗಳನ್ನು ಪುಸ್ತಕ ಅಚ್ಚುಕಟ್ಟಾಗಿ ಪಟ್ಟಿ ಮಾಡಿದೆ. ಅವು ಮುರಿದು ಬೀಳುವ ಒಂದು ಸಂದರ್ಭವನ್ನಾದರೂ ಎದುರಿಗಿಟ್ಟಿದ್ದರೆ ಅವುಗಳ ಅಗತ್ಯ ಮನವರಿಕೆಯಾಗುತ್ತಿತ್ತು.

ದತ್ತಾಂಶ ಮೊದಲು, ಸೂತ್ರ ಆಮೇಲೆ ಎಂಬ ಕ್ರಮ ಕೈಗೆಟುಕದ ಆದರ್ಶವೇನಲ್ಲ. ಇದೇ ನಗರದ ಐಐಟಿ ಮದ್ರಾಸ್ 2020ರಲ್ಲಿ ಆರಂಭಿಸಿದ ಡೇಟಾ ಸೈನ್ಸ್ ಆನ್‌ಲೈನ್ ಪದವಿಯ ಮೊದಲ ಸಂಖ್ಯಾಶಾಸ್ತ್ರ ಕೋರ್ಸು ಕೋಷ್ಟಕ, ಕಂಬಚಿತ್ರ, ಹರವುಗಳಿಂದ ಹೊರಟು, ಎಣಿಕೆ ಮತ್ತು ಸಂಭವನೀಯತೆಯನ್ನು ದಾಟಿ, ಆಮೇಲೆಯೇ ಯಾದೃಚ್ಛಿಕ ಚರಕ್ಕೆ ಬರುತ್ತದೆ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಿಗಾಗಿ ಗಣಿತ ಬೋಧನೆಯ ತಂಡವನ್ನು ಮುನ್ನಡೆಸಿದ ಆರ್. ರಾಮಾನುಜಂ ಅವರೂ ಆಗ ಚೆನ್ನೈನಲ್ಲೇ, ತರಮಣಿಯ ಗಣಿತ ವಿಜ್ಞಾನ ಸಂಸ್ಥೆಯಲ್ಲಿದ್ದರು. ಶಾಲಾ ಗಣಿತ ಒಂದರ ಮೇಲೊಂದು ಎತ್ತರಕ್ಕೆ ಪೇರಿಸಿಕೊಂಡೇ ಹೋಗುವುದು ಬೇಡ, ಅಗಲವಾಗಲಿ, ಮಗುವಿನ ಯೋಚನೆಯೇ ಗಣಿತಮಯವಾಗಲಿ ಎಂದು ಆ ತಂಡ ಹೇಳಿತು. ತಮಿಳುನಾಡಿನ ಅಧ್ಯಾಯ ಎತ್ತರದ್ದೇ. ಅನುಕಲನ ಕಲಿತಾಗಿದೆ, ಹಾಗಾಗಿ ಅನುಕಲಿಸು ಎನ್ನುವ ಧಾಟಿ. ವಿಚಿತ್ರವೆಂದರೆ, ಅದೇ ಶಾಲೆಯ ಪಕ್ಕದ ಕೋಣೆಯಲ್ಲಿ ವ್ಯವಹಾರ ಗಣಿತ ಓದುವ ವಾಣಿಜ್ಯ ವಿಭಾಗದ ಮಕ್ಕಳಿಗೆ ಪಾಯ್ಸಾನ್, ನಾರ್ಮಲ್ ವಿತರಣೆಗಳೂ ಸಿಗುತ್ತವೆ. ಎಂಜಿನಿಯರಿಂಗಿಗೆ ಹೊರಟ ವಿಜ್ಞಾನದ ಮಕ್ಕಳು ದ್ವಿಪದದಲ್ಲೇ ನಿಲ್ಲುತ್ತಾರೆ.

ಇಷ್ಟೆಲ್ಲ ತಕರಾರಿನ ನಡುವೆಯೂ ಈ ಅಧ್ಯಾಯ ಅಲ್ಲಿದೆ ಎಂಬುದನ್ನು ಕರ್ನಾಟಕದ ಓದುಗರು ಗಮನಿಸಬೇಕು. ನಮ್ಮ ದ್ವಿತೀಯ ಪಿಯುಸಿ ಗಣಿತಕ್ಕೆ ಎನ್‌ಸಿಇಆರ್‌ಟಿ ಪುಸ್ತಕವೇ ಆಧಾರ. ಹೊರೆ ಇಳಿಸುವ ಹೆಸರಿನಲ್ಲಿ ಪರಿಷ್ಕೃತವಾದ ಆ ಪುಸ್ತಕದ ಸಂಭವನೀಯತೆಯ ಅಧ್ಯಾಯ ಈಗ ಬೇಯ್ಸ್ ಪ್ರಮೇಯಕ್ಕೆ ಮುಗಿಯುತ್ತದೆ. ಹಿಂದೆ ಅದರ ನಂತರ ಬರುತ್ತಿದ್ದ ಯಾದೃಚ್ಛಿಕ ಚರ, ಬರ್ನೌಲಿ ಪ್ರಯೋಗ, ದ್ವಿಪದ ವಿತರಣೆಯ ಪುಟಗಳು ಅದರಲ್ಲಿಲ್ಲ. ಇಳಿಸಬಹುದಾದ ಹೊರೆ ಬೇರೆ ಬೇಕಾದಷ್ಟಿತ್ತು. ಮಳೆ, ಬಸ್ಸು, ಚುನಾವಣಾ ಸಮೀಕ್ಷೆ, ಔಷಧದ ಪರೀಕ್ಷೆ ಎಲ್ಲಕ್ಕೂ ಬೇಕಾಗುವ ಒಂದೇ ಪರಿಕಲ್ಪನೆಯನ್ನು ಕಿತ್ತುಹಾಕಿದ್ದು ದೊಡ್ಡ ತಪ್ಪು. ಪಿಯು ಉಪನ್ಯಾಸಕರು ತಮಿಳುನಾಡಿನ ಪುಸ್ತಕದ ಇಂಗ್ಲಿಷ್ ಆವೃತ್ತಿಯಿಂದ ವಿಲೋಮ ಬಿಂಬದ ಮೊದಲ ಪುಟಗಳನ್ನೂ ಲಾಟರಿಯ ಲೆಕ್ಕವನ್ನೂ ಹಾಗೆಯೇ ಎತ್ತಿಕೊಳ್ಳಬಹುದು. ಬಸ್ಸಿನ ಲೆಕ್ಕಕ್ಕೆ ಬೇಕಾದ ಅಂತರಗಳನ್ನು ಮಕ್ಕಳೇ ಒಂದು ವಾರ ಮೆಜೆಸ್ಟಿಕ್ಕಿನಲ್ಲೋ ತಮ್ಮೂರಿನ ಬಸ್ ನಿಲ್ದಾಣದಲ್ಲೋ ನಿಂತು ಬರೆದುಕೊಂಡು ಬರಲಿ.